ನನಗೆ ನೂಲು ತೆಗೆಯಲು ಕಲಿಸಿದವಳು ದೊಡ್ಡಮಾದಮ್ಮ

ಮಧುವನಹಳ್ಳಿಯ ದೊಡ್ಡಮಾದಮ್ಮ ಬದುಕಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೊನ್ನೆ ಕೊಳ್ಳೇಗಾಲದ ಕಾಲೇಜಿನಲ್ಲಿ, ಇನ್ನೂರು ಜನ ಓದಿದವರ ಮುಂದೆ, ಅವಳು ಹುಟ್ಟಿಯೇ ಇಲ್ಲ ಅನ್ನೋ ಹಾಗೆ ಮಾತಾಡಿ ಬಂದೆ.

ನನ್ನ ಹೆಸರು ಪುಟ್ಟಮಲ್ಲಮ್ಮ. ತೌರು ಯಳಂದೂರು, ಕೊಟ್ಟಿದ್ದು ಕೊಳ್ಳೇಗಾಲಕ್ಕೆ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕಥೆ ಇಲ್ಲಿ ಬೇಕಾದಷ್ಟೇ ಬರುತ್ತದೆ, ಹೇಳಬೇಕಾದ್ದು ಅವಳದ್ದು.

ನನಗೆ ಇಪ್ಪತ್ನಾಲ್ಕು ತುಂಬಿದ ವರ್ಷ ಯಜಮಾನರು ಎತ್ತಿನ ಗಾಡಿಯಿಂದ ಬಿದ್ದು ಸೊಂಟ ಹಿಡಿದು ಮಲಗಿದರು. ಮನೆ ನಡೆಯಬೇಕಲ್ಲ, ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಸೇರಿಕೊಂಡೆ. ಶೆಡ್ಡಿನ ಯಜಮಾನರು ನಮ್ಮ ಜನವೇ ಅಂತ ಅತ್ತೆ ಒಪ್ಪಿದ್ದರು. ಒಳಗೆ ಕಾಲಿಟ್ಟರೆ ಹೊಗೆ, ಹಬೆ, ಬೆಂದ ಹುಳದ ನಾತ. ಮೊದಲ ದಿನ ಮಧ್ಯಾಹ್ನ ಉಣ್ಣಲಿಲ್ಲ ನಾನು.

ಕೆಲಸ ಹೀಗೆ. ಸುಡುವ ಬಿಸಿನೀರಿನ ಬೋಗುಣಿಯಲ್ಲಿ ರೇಷ್ಮೆ ಗೂಡುಗಳು ತೇಲುತ್ತಿರುತ್ತವೆ. ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ, ಹದಿನೈದು ಇಪ್ಪತ್ತು ಎಳೆ ಕೂಡಿಸಿ, ಒಂದೇ ನೂಲಾಗಿ ಚರಕಕ್ಕೆ ಕೊಡಬೇಕು. ಎಳೆ ಕಣ್ಣಿಗೆ ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬೆರಳಿಗೆ ಗೊತ್ತಾಗಬೇಕು. ಒಂದು ಗೂಡು ಮುಗಿದರೆ ನೂಲು ಸಣ್ಣಗಾಗುತ್ತದೆ, ತಕ್ಷಣ ಇನ್ನೊಂದರ ಎಳೆ ಕೊಡಬೇಕು. ಇಲ್ಲದಿದ್ದರೆ ಕಡಿಯುತ್ತದೆ.

ಶೆಡ್ಡಿನ ಮೇಸ್ತ್ರಿ ಎರಡು ದಿನ ಬಾಯಲ್ಲಿ ಹೇಳಿಕೊಟ್ಟ. ಹಿಂಗ್ ಹಿಡಿ, ಹಂಗ್ ಬುಡು, ಕಣ್ ಎಲ್ಲಿ ಮಡಗಿದ್ದೀಯೆ ಅಂತ. ನಾನು ಮುಟ್ಟಿದ್ದೆಲ್ಲ ಕಡಿಯಿತು. ಮೂರನೇ ದಿನ, "ಈಯಮ್ಮಂಗೆ ಬರಾಕಿಲ್ಲ, ನಾಳಿಂದ ಬರಾದು ಬ್ಯಾಡ" ಅಂದ.

ಪಕ್ಕದ ಬೋಗುಣಿಯಿಂದ ಒಬ್ಬಳು ತಲೆ ಎತ್ತದೆ ಹೇಳಿದಳು: "ಸಾ, ನಿಮ್ ಬಾಯಿಂದ ನೂಲು ಬರಂಗಿದ್ರೆ ಇಷ್ಟೊತ್ಗೆ ನಮ್ಗೆಲ್ಲ ಒಂದೊಂದು ಪಟ್ಟೆ ಸೀರೆ ಆಗೋಗದು. ಒಂದ್ ವಾರ ಈಯಮ್ಮನ್ನ ನಂಗ್ ಬುಡಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. ಹಾಗೆ ನಾನು ದೊಡ್ಡಮಾದಮ್ಮನ ಪಕ್ಕ ಕೂತೆ.

ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಉದ್ದನೆಯ ಆಳು, ಕಪ್ಪು, ಕೆಳಗಿನ ತುಟಿ ಯಾವಾಗಲೂ ಎಲೆಅಡಿಕೆಗೆ ಕೆಂಪು. ಮಧುವನಹಳ್ಳಿಯಿಂದ ನಡೆದೇ ಬರುತ್ತಿದ್ದಳು. ಅವಳ ಕೇರಿಯವರನ್ನು ಮುಟ್ಟಿದರೆ ನಮ್ಮ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕಾಗಿದ್ದ ಕಾಲ ಅದು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಸಣ್ಣ ದನಿಯಲ್ಲಿ ಕೇಳಿದಳು:

"ನಿನ್ ಕೈಯ ನನ್ ಕೈ ಮ್ಯಾಲೆ ಮಡುಗ್ಬೇಕು. ಆದದಾ ನಿನ್ ಕೈಲಿ?"

ಸುತ್ತ ಯಾರು ನೋಡುತ್ತಿದ್ದಾರೆ ಅಂತ ನೋಡಿಕೊಂಡು, ಆಮೇಲೆ ಇಟ್ಟೆ.

ಬಿಸಿನೀರಲ್ಲಿ ಕೆಳಗೆ ಅವಳ ಕೈ, ಮೇಲೆ ನನ್ನದು. ಬಿಸಿ ಮೊದಲು ಅವಳಿಗೆ ತಾಗಲಿ ಅಂತ ಹಾಗೆ. ಒಂದು ವಾರ ಮಾತೇ ಇಲ್ಲ. ಅವಳ ಬೆರಳು ಯಾವಾಗ ಬಿಗಿಯಾಯಿತು, ಯಾವಾಗ ಸಡಿಲ ಬಿಟ್ಟಿತು ಅನ್ನುವುದು ನನ್ನ ಬೆರಳಿಗೆ ತಾನಾಗಿ ಹತ್ತಿತು. ಎರಡನೇ ವಾರ ನನ್ನ ಕೈ ಕೆಳಗೆ, ಅವಳದ್ದು ಮೇಲೆ. ಒಂದು ದಿನ ನೋಡುತ್ತೇನೆ, ಮೇಲೆ ಅವಳ ಕೈ ಇಲ್ಲ. ಯಾವಾಗ ತೆಗೆದಳೋ ಗೊತ್ತಿಲ್ಲ. ನೂಲು ಓಡುತ್ತಲೇ ಇದೆ. ಅವಳು ಆ ಕಡೆ ತಿರುಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಕಡಿದರೆ ಬೈಯುತ್ತಿರಲಿಲ್ಲ. "ಕಡಿಯಾಕೂ ಮುಂಚೆ ನಿನ್ ಬೆರಳ್ಗೆ ಯಾನ ಗೊತ್ತಾಯ್ತು, ಅದ್ ಯೋಳು" ಅನ್ನುವಳು. ಏನೂ ಗೊತ್ತಾಗಲಿಲ್ಲ ಅಂದರೆ, "ಅಂಗಾರೆ ಇನ್ನೊಂದ್ಸಲ ಕಡಿ" ಅನ್ನುವಳು. ಅವಳ ಹತ್ತಿರ ಕಲಿತವರು ನಾನೂ ಸೇರಿ ಹನ್ನೊಂದು ಹೆಂಗಸರು.

ತಿಂಗಳಾದ ಮೇಲೆ ಅತ್ತೆ ಕೇಳಿದರು, "ಯಾರಮ್ಮಿ ಕಲಿಸ್ದೋರು ನಿಂಗೆ?"

"ಯಾರೂ ಇಲ್ಲ ಅತ್ತೆ. ನೋಡ್ತಾ ನೋಡ್ತಾ ನಂಗೇ ಬಂತು."

ನಿಜ ಹೇಳಿದ್ದರೆ ಮಾರನೇ ದಿನ ಶೆಡ್ಡಿನ ಬಾಗಿಲು ನನಗೆ ಮುಚ್ಚುತ್ತಿತ್ತು. ಯಜಮಾನರ ಔಷಧಿ, ಮನೆಯ ಹಿಟ್ಟು ಎರಡೂ ನಿಲ್ಲುತ್ತಿದ್ದವು. ಆ ಸುಳ್ಳಿಗೆ ಒಂದು ಕಾರಣವಾದರೂ ಇತ್ತು.

ಆಮೇಲೆ ಶೆಡ್ಡು ಮುಚ್ಚಿತು. ದೊಡ್ಡಮಾದಮ್ಮನ ಗಂಡ ಪುಟ್ಟಸಿದ್ದಯ್ಯ ತೀರಿಕೊಂಡ ಮೇಲೆ ಮಗಳು ಮೀನಾ ಅವಳನ್ನು ಹನೂರಿಗೆ ಕರೆದುಕೊಂಡು ಹೋದಳು. ಅಲ್ಲಿ ತಾಯಿ ಮಗಳು ಹೂ ಕಟ್ಟಿ ಮಾರುತ್ತಾರೆ. ಆಧಾರ್ ಕಾರ್ಡು ಬಂದ ಹೊಸದರಲ್ಲಿ ದೊಡ್ಡಮಾದಮ್ಮ ಬಸ್ಸಿನಲ್ಲಿ ಸಿಕ್ಕಿದ್ದಳು. "ಮಿಷನ್ನು ನನ್ ಬೆರಳ ಹಿಡಿಯಾಕಿಲ್ಲ ಅಂತದೆ ಕಣಮ್ಮಿ. ಗೆರೆನೇ ಇಲ್ವಂತೆ. ನಾನು ಬದುಕಿಲ್ಲ ಅಂತ ಬರ್ಕಳಿ ಅಂದು ಬಂದೆ" ಅಂತ ನಕ್ಕಳು. ಬಿಸಿನೀರು ಅವಳ ಬೆರಳಿನ ಗೆರೆಯನ್ನೆಲ್ಲ ಅಳಿಸಿತ್ತು. ನನ್ನ ಬೆರಳನ್ನು ಮಿಷನ್ನು ಎರಡನೇ ಸಲಕ್ಕೆ ಹಿಡಿದಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

ನಾನು ಹಿತ್ತಲಿನ ಚಪ್ಪರದಲ್ಲಿ ಒಂದು ಚರಕ ಉಳಿಸಿಕೊಂಡಿದ್ದೆ. ಯಜಮಾನರು ಹೋದ ಮೇಲೂ ಬಿಡಲಿಲ್ಲ. ಹೋದ ವರ್ಷ ಕಾಲೇಜಿನ ಕವಿತ ಮೇಡಂ ಹುಡುಕಿಕೊಂಡು ಬಂದರು. ಅವರು ಡಿಗ್ರಿ ಮಕ್ಕಳಿಗೆ ರೇಷ್ಮೆ ಪಾಠ ಮಾಡುವವರು.

"ಅಮ್ಮಾ, ನಮ್ ಮಕ್ಳು ಪರೀಕ್ಷೇಲಿ ಗೂಡಿನ ವಿಷಯ ಎಂಟು ಪುಟ ಬರೀತಾರೆ. ಒಂದು ಎಳೆ ತೆಗೀರಿ ಅಂದ್ರೆ ನನ್ ಮುಖ ನೋಡ್ತಾರೆ" ಅಂದರು.

ಕಳಿಸಿ ಅಂದೆ. ಆರು ಹೆಣ್ಣುಮಕ್ಕಳು ಬಂದರು. ದೊಡ್ಡಮಾದಮ್ಮ ನನಗೆ ಮಾಡಿದ ಹಾಗೆಯೇ ಮಾಡಿದೆ, ಕೈ ಮೇಲೆ ಕೈ. ಮೂರು ವಾರಕ್ಕೆ ಆರೂ ಜನ ನೂಲು ತೆಗೆದರು. ಮೇಡಂ ಪಕ್ಕದಲ್ಲಿ ಕೂತು ಎಲ್ಲ ಬರೆದುಕೊಂಡರು. "ಕಾಲೇಜಲ್ಲಿ ಹೆಂಗೆ ಕಲಿಸ್ಬೇಕು ಅಂತ ದೊಡ್ಡ ವಿಚಾರ ಸಂಕಿರಣ ಇದೆ. ನಿಮ್ ಕಲಿಸೋ ರೀತಿ ಮೇಲೆ ನಾನು ಪ್ರಬಂಧ ಓದ್ತೀನಿ. ನೀವು ಬಂದು ಮಾಡಿ ತೋರಿಸ್ಬೇಕು" ಅಂದರು.

ಆ ಮಾತಿಗೆ ಉಬ್ಬಿಹೋದೆ. ಮೈದುನ ಶಿವರುದ್ರಸ್ವಾಮಿಗೆ, ಅವರು ರಿಟೈರಾದ ಮೇಷ್ಟ್ರು, ನಾನೇ ಫೋನು ಮಾಡಿ ಬರಲೇಬೇಕು ಅಂದೆ. ಹನೂರಿಗೆ ಮಾಡಲಿಲ್ಲ. ಮಾಡಬೇಕು ಅನ್ನಿಸಿತ್ತು. ಹೂವಿನ ಸೀಸನ್ನು, ಅವಳಿಗೆ ಬಿಡುವಿರಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಹಾಲಿನ ತುಂಬ ಜನ. ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ. ಹಿಂದುಗಡೆ ಬ್ಯಾನರ್, "ಉನ್ನತ ಶಿಕ್ಷಣದಲ್ಲಿ ಬೋಧನೆ ಮತ್ತು ಕಲಿಕೆ". ಒಬ್ಬರು ಸಾಹೇಬರು ಎದ್ದು, ಮೇಷ್ಟ್ರು ಒಂದೇ ಸಮನೆ ಮಾತಾಡಿದರೆ ಮಕ್ಕಳಿಗೆ ಏನೂ ಹತ್ತುವುದಿಲ್ಲ ಅಂತ ಒಂದೂಕಾಲು ಗಂಟೆ ಒಂದೇ ಸಮನೆ ಮಾತಾಡಿದರು. ಪಕ್ಕದಲ್ಲಿ ಕೂತ ಮೇಡಂ ಒಬ್ಬರು ತೂಕಡಿಸುತ್ತಿದ್ದರು. ಮಧ್ಯಾಹ್ನ ಕವಿತ ಮೇಡಂ ಸರದಿ. ಸ್ಟೇಜಿನ ಮೇಲೆ ಸ್ಟೌ, ಬೋಗುಣಿ, ನನ್ನ ಚರಕ. ಒಂದು ಹುಡುಗಿಯ ಕೈಯನ್ನು ನನ್ನ ಕೈ ಮೇಲೆ ಇಟ್ಟುಕೊಂಡು ತೋರಿಸಿದೆ. ತೂಕಡಿಸುತ್ತಿದ್ದವರೂ ಎದ್ದು ಮುಂದೆ ಬಂದು ಸುತ್ತ ನಿಂತರು.

ಅಧ್ಯಕ್ಷರು ಗುರುಪಾದಸ್ವಾಮಿ ಅನ್ನುವ ವಯಸ್ಸಾದ ಪ್ರೊಫೆಸರು. ಮೈಕ್ ಹಿಡಿದು ಬಹಳ ಮರ್ಯಾದೆಯಿಂದ ಕೇಳಿದರು, "ತಾಯಿ, ನಾವು ಮೂವತ್ತು ವರ್ಷದಿಂದ ಪುಸ್ತಕದಲ್ಲಿ ಹುಡುಕ್ತಾ ಇರೋದನ್ನ ನೀವು ಒಂದು ಬೋಗುಣೀಲಿ ತೋರಿಸಿದ್ರಿ. ಇದನ್ನ ನಿಮಗೆ ಕಲಿಸಿದ ಗುರು ಯಾರು?"

ಮೈಕ್ ನನ್ನ ಬಾಯಿಯ ಹತ್ತಿರ ಬಂತು. ಅವಳ ಹೆಸರು ನಾಲಗೆಯ ಮೇಲೇ ಇತ್ತು. ಆದರೆ ಎದುರಿಗೆ ಮೂರನೇ ಸಾಲಿನಲ್ಲಿ ಮೈದುನ, ಪಕ್ಕದಲ್ಲಿ ನಮ್ಮ ಬೀದಿಯ ಇಬ್ಬರು ಹಿರಿಯರು. ಅವಳ ಕೈ ಮೇಲೆ ಕೈ ಇಟ್ಟೆ ಅಂತ ಅವರೆದುರು ಹೇಳಬೇಕು.

"ಯಾರೂ ಇಲ್ಲ ಸಾ. ನೋಡ್ತಾ ನೋಡ್ತಾ ನಂಗೇ ಬಂತು."

ಅತ್ತೆಗೆ ಹೇಳಿದ ಅದೇ ಮಾತು. ಚಪ್ಪಾಳೆ ಬಿತ್ತು. ಒಬ್ಬ ಹುಡುಗಿ ತಟ್ಟೆಯಲ್ಲಿ ಶಾಲು, ಹಾರ, ಹಣ್ಣು ಹಿಡಿದುಕೊಂಡು ಬಂದು ನಿಂತಳು. ಪ್ರೊಫೆಸರು ಶಾಲು ಹೊದಿಸಿದರು.

ಕೆಳಗೆ ಇಳಿದ ಮೇಲೆ ಅದೇ ಹುಡುಗಿ ಕಾಫಿ ತಂದುಕೊಟ್ಟಳು. "ಅಜ್ಜಿ, ನಾನು ದೀಪ. ಹನೂರಿನ ಮೀನಾ ಮಗಳು. ದೊಡ್ಡಮಾದಮ್ಮನ ಮೊಮ್ಮಗಳು" ಅಂದಳು. ಅಷ್ಟೇ. ಕೋಪದಲ್ಲಿ ಹೇಳಲಿಲ್ಲ. ಇನ್ನೊಬ್ಬರಿಗೆ ಕಾಫಿ ಕೊಡಲು ಹೋದಳು. ನಾನು ಹೊದ್ದಿದ್ದ ಶಾಲು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಹತ್ತು ದಿನಕ್ಕೆ ಕವಿತ ಮೇಡಂ ಬಂದು, ಪ್ರಬಂಧಗಳೆಲ್ಲ ಪುಸ್ತಕವಾಗುತ್ತವೆ, ನಿಮ್ಮ ಭಾಗ ಕೇಳಿಸಿಕೊಳ್ಳಿ ಅಂತ ಓದಿದರು. "ಯಾರ ನೆರವೂ ಇಲ್ಲದೆ ಪುಟ್ಟಮಲ್ಲಮ್ಮ ತಾವೇ ರೂಪಿಸಿಕೊಂಡ ವಿಧಾನ" ಅಂತಿತ್ತು. ಎರಡು ದಿನ ಟೈಮು ಕೊಡಿ ಅಂದೆ. ಮಾರನೇ ದಿನ ಬೆಳಿಗ್ಗೆ ಹನೂರು ಬಸ್ಸು ಹತ್ತಿದೆ.

ದೊಡ್ಡಮಾದಮ್ಮ ಜಗುಲಿಯ ಮೇಲೆ ಸೇವಂತಿಗೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ, "ಬನ್ನಿ ಮಲ್ಲಮ್ಮೋರೆ, ಕೂತ್ಕಳಿ" ಅಂದಳು. ಶೆಡ್ಡಿನಲ್ಲಿ ನಾಲ್ಕು ಜನರ ಎದುರು ಮಲ್ಲಮ್ಮೋರೆ ಅನ್ನುತ್ತಿದ್ದಳು, ನಾವಿಬ್ಬರೇ ಇದ್ದಾಗ ಕಣಮ್ಮಿ. ಅವತ್ತು ಜಗುಲಿಯ ಮೇಲೆ ನಾವಿಬ್ಬರೇ ಇದ್ದದ್ದು.

ಚೀಲದಿಂದ ಶಾಲು ತೆಗೆದೆ. "ಇದು ನಿನ್ದು."

"ಈ ಬಿಸ್ಲಲ್ಲಿ ಶಾಲಾ? ನನ್ನ ಬೇಯಿಸ್ಬುಟ್ಟು ನೂಲು ತಗೀಬೇಕು ಅಂತಿದ್ದೀರಾ?" ಅಂದಳು. ನಗಲು ಹೋದೆ, ಅವಳು ನಗಲಿಲ್ಲ. ಹೂ ಕಟ್ಟುತ್ತಲೇ ಹೇಳಿದಳು: "ಆವತ್ತು ನಿಮ್ಮತ್ತೆಗೆ ಸುಳ್ಳೇಳಿದ್ರಿ. ನಂಗ್ ಗೊತ್ತಿತ್ತು. ಒಟ್ಟೆಪಾಡು, ಯೋಳ್ಕಳ್ಳಿ ಅಂದ್ಕಂಡೆ. ಈಗ ಯಾರ್ಗೆ ಎದ್ರುಕಂಡ್ರಿ?"

"ಮೈದುನ ಕೂತಿದ್ರು."

"ಅವ್ರು ಯಾನ ಮಾಡರು ನಿಮ್ಗೆ? ಕೂಳ್ ಕಿತ್ಕಂಡರಾ? ಒಡೆದರಾ?"

"ಏನೂ ಮಾಡಲ್ಲ."

"ಅಂಗಾರೆ?"

ಶಾಲನ್ನು ಜಗುಲಿಯ ಮೇಲೆ ಇಟ್ಟೆ. "ಪುಸ್ತಕ್ದಲ್ಲಿ ನಿನ್ ಹೆಸ್ರು ಹಾಕುಸ್ತೀನಿ" ಅಂದೆ.

"ಹಾಕ್ಸಿ, ಬ್ಯಾಡ ಅಂದನಾ? ದೀಪ ಓದ್ಕತಳೆ. ಆದ್ರೆ ನೀವ್ ಎದ್ರುಕಂಡಿದ್ದು ಪುಸ್ತಕಕ್ಕಲ್ಲ ಕಣ್ರಿ."

ಶಾಲನ್ನು ಮಡಿಸಿ ಅವಳೇ ನನ್ನ ಚೀಲಕ್ಕೆ ಹಾಕಿದಳು. ಬಸ್ಸು ಬರೋ ಹೊತ್ತಾಯ್ತು ಅಂದಳು.

ಕೊಳ್ಳೇಗಾಲದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ, ನೇರ ಮೈದುನನ ಮನೆಗೆ ಹೋದೆ. ಪೇಪರ್ ಓದುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಯಾರು ಕಲಿಸಿದ್ದು, ಹೇಗೆ ಕಲಿಸಿದ್ದು, ಸ್ಟೇಜಿನ ಮೇಲೆ ಅವರ ಮುಖ ನೋಡಿ ನಾನು ಏನು ಹೇಳಿದ್ದು.

"ಯಾವ ಕಾಲದ ಮಾತು ಬುಡಿ ಅತ್ಗೆ. ಈಗ ಯಾರು ಅದನ್ನೆಲ್ಲ ನೋಡ್ತಾರೆ?"

"ನಾನು ನೋಡ್ದೆ ಅಲ್ವಾ, ಮೊನ್ನೆ."

"ಅದ್ರಲ್ಲಿ ನಂದೇನು ತಪ್ಪು?"

"ನಿಮ್ದು ಅಂತ ಎಲ್ಲಿ ಅಂದೆ? ನಂದೇ."

ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ, ಹೆಸ್ರು ಹಾಕಿಸ್ಕಳಿ. ಕೈ ಮೇಲೆ ಕೈ ಅಂತೆಲ್ಲ ಯಾಕೆ? ಹೇಳಿಕೊಟ್ಟರು ಅಂದ್ರೆ ಸಾಲ್ದಾ?"

ಆಗ ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ನಲವತ್ತು ವರ್ಷ ನಾನೂ ಹೀಗೇ ಅಂದುಕೊಂಡು ಬಂದೆನಲ್ಲ ಅಂತ. "ಹೇಳಿಕೊಡಲಿಲ್ಲ ಸ್ವಾಮಿ. ಕೈ ಮೇಲೆ ಕೈ ಇಟ್ಟೇ ಕಲಿಸಿದ್ದು" ಅಂದೆ. ಫೋನು ತೆಗೆದು ಹನೂರಿಗೆ, ಮೀನಾ ನಂಬರಿಗೆ ಮಾಡಿದೆ. ಅವ್ವನಿಗೆ ಕೊಡು ಮಗ ಅಂದೆ. ಮೈದುನನ ಮುಂದೆಯೇ ಜೋರಾಗಿ ಹೇಳಿದೆ:

"ದೊಡ್ಡಮಾದಮ್ಮ, ನಮ್ ಮೈದುನನ ಮನೇಲಿ ನಿಂತಿದ್ದೀನಿ. ಅವ್ರ ಎದುರ್ಗೇ ಹೇಳ್ತಾ ಇದ್ದೀನಿ. ನಂಗೆ ಕಲಿಸ್ದೋಳು ನೀನು. ನಿನ್ ಕೈ ಮೇಲೆ ಕೈ ಮಡಗಿ ಕಲ್ತೆ. ಮೊನ್ನೆ ನಾನು ಹೇಳಿದ್ದು ಸುಳ್ಳು."

ಆ ಕಡೆ ಬಸ್ಸಿನ ಹಾರನ್ನು, ಹೂವಿನ ರೇಟು ಕೇಳುವವರ ದನಿ. "ಕೇಳುಸ್ತು" ಅಂದಳು. ಫೋನು ಕಟ್ಟಾಯಿತು.

ಕವಿತ ಮೇಡಂಗೂ ಹೇಳಿದೆ. ಪ್ರಬಂಧದ ಆ ಸಾಲಿನ ಮೇಲೆ ಗೆರೆ ಎಳೆದರು. ಆಮೇಲೆ, ಪುಸ್ತಕ ಇನ್ನೂ ಪ್ರಿಂಟಿಗೆ ಹೋಗಿಲ್ಲ, ಸೋಮವಾರ ಹನೂರಿಗೆ ಹೋಗಿ ಅವರ ಬಾಯಿಂದಲೇ ಕೇಳಿ ಮತ್ತೆ ಬರೆಯುತ್ತೇನೆ ಅಂದರು. ನನ್ನನ್ನು ಬನ್ನಿ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಸರಿ.

ಪುಸ್ತಕದಲ್ಲಿ ಅವಳ ಹೆಸರು ಬರುತ್ತದೆ. ಆದರೆ ಹಾಲಿನಲ್ಲಿ ಚಪ್ಪಾಳೆ ಹೊಡೆದ ಇನ್ನೂರು ಜನ ಅವತ್ತೇ ಅವರವರ ಊರಿನ ಬಸ್ಸು ಹತ್ತಿದರು. ಅವರಲ್ಲಿ ಎಷ್ಟು ಜನ ಆ ಪುಸ್ತಕ ತೆರೆದು ನೋಡುತ್ತಾರೋ. ಉಳಿದವರೆಲ್ಲ ಅವರವರ ಕಾಲೇಜಿನಲ್ಲಿ ಮಕ್ಕಳಿಗೆ ಹೇಳುತ್ತಿರುತ್ತಾರೆ, ಕೊಳ್ಳೇಗಾಲದಲ್ಲಿ ಪುಟ್ಟಮಲ್ಲಮ್ಮ ಅಂತ ಒಬ್ಬರಿದ್ದಾರೆ, ಯಾರ ಹತ್ತಿರವೂ ಕಲಿಯದೆ ತಾವೇ ಕಲಿತರು ಅಂತ. ಹೋಗಿ ಅದು ಸುಳ್ಳು ಅಂತ ಹೇಳೋಣ ಅಂದರೆ, ಅವರಲ್ಲಿ ಒಬ್ಬರ ಊರೂ ನನಗೆ ಗೊತ್ತಿಲ್ಲ.