ಹದಿನಾರು ಗೂಡಿನ ಶೆಲ್ಫು

ಮೊನ್ನೆ ಮನೆಗೆ ಬಂದಿದ್ದ ಇಂಟೀರಿಯರ್ ಕೆಲಸದ ಹುಡುಗ ಯಾವ ಮರವೆಂದು ನೋಡಲು ಅಮ್ಮನ ಹಳೆಯ ಶೆಲ್ಫಿನ ಮೂಲೆಯನ್ನು ಉಳಿಯಿಂದ ಒಂದಿಷ್ಟು ಕೆರೆದ. ಹಲಸಿನ ಮರದ ವಾಸನೆ ಘಮ್ಮೆಂದಿತು. ಮೂವತ್ತು ವರ್ಷವಾದರೂ ಒಳಗೆ ಇನ್ನೂ ಹಳದಿಯಾಗಿಯೇ ಇತ್ತು. ಆಮೇಲೆ ಅವನು ಶೆಲ್ಫಿನ ಮೇಲೆ ಮಟ್ಟ ನೋಡುವ ರಸಮಟ್ಟವಿಟ್ಟು, ಅದರ ಗಾಜಿನೊಳಗಿನ ಗುಳ್ಳೆ ಒಂದು ಕಡೆಗೆ ಓಡಿದ್ದನ್ನು ಕಂಡು ನಕ್ಕ.

"ಫುಲ್ ಸೊಟ್ಟ ಮೇಡಂ. ಯಾರ್ ಮಾಡಿದ್ದು ಇದನ್ನ?"

ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗನ ಮೇಲಲ್ಲ...

ಮಾಡಿದವರು ಊರಲ್ಲಿ ನಮ್ಮ ಬೀದಿಯಲ್ಲೇ ಇದ್ದ ಬಡಗಿ ಆಚಾರ್ರು. ಅಮ್ಮ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಒಮ್ಮೆ ಒಬ್ಬರ ಮದುವೆ ಬಟ್ಟೆಯನ್ನು ಇನ್ನೊಬ್ಬರ ಅಳತೆಗೆ ಕತ್ತರಿಸಿ, ಬಟ್ಟೆ ಕೊಟ್ಟಾಕೆ ಬಾಗಿಲಲ್ಲಿ ನಿಂತು ರಂಪ ಮಾಡಿದ ಮೇಲೆ, ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಗೂಡಿರುವ ಶೆಲ್ಫು ಬೇಕೇ ಬೇಕೆಂದು ಹಟ ಹಿಡಿದಳು.

ಆಚಾರ್ರ ಬಾಯಲ್ಲಿ ಸದಾ ಎಲೆ ಅಡಿಕೆ, ಹಾಗಾಗಿ ಮಾತು ಕಡಿಮೆ. ಮೊದಲ ದಿನ ಅವರು ಹಲಗೆ ಮುಟ್ಟಲೇ ಇಲ್ಲ. ನಡುಮನೆಯ ನೆಲದ ಮೇಲೆ ಒಂದು ಗೋಲಿ ಇಟ್ಟರು. ಅದು ತಾನಾಗಿ ಬಾಗಿಲ ಕಡೆ ಉರುಳಿತು. ದಾರಕ್ಕೆ ಕಲ್ಲು ಕಟ್ಟಿ, ಡಿಗ್ರಿ ಓದುತ್ತಿದ್ದ ನನ್ನನ್ನು ಸ್ಟೂಲ್ ಹತ್ತಿಸಿ, ಗೋಡೆಯಿಂದ ಗೇಣು ದೂರದಲ್ಲಿ ಹಿಡಿಯಲು ಹೇಳಿದರು. ಕೆಳಗೆ ಕಲ್ಲು ಗೋಡೆಗೆ ತಾಗುವಂತಿತ್ತು.

"ಮಣ್ಣು ಗೋಡೆ ಕಣವ್ವ, ಬುಡ ದಪ್ಪ. ನೆಲಾನೂ ಇಳಿದೈತೆ. ಅದುಕ್ ತಕ್ಕಂಗೇ ಕೊಯ್ಬೇಕು."

ಎಂಟು ದಿನ ನಡುಮನೆಯ ತುಂಬಾ ಮರದ ಹೊಟ್ಟು, ವಾಸನೆ. ಒಂದು ಮೊಳೆ ಹೊಡೆಯದೆ ಹದಿನಾರು ಗೂಡು ಕೂಡಿಸಿದರು. ನಮ್ಮ ಕಡೆ ಮರಗೆಲಸ ಮುಗಿದ ದಿನ ಹೊಸ ವಸ್ತುವಿಗೂ ಆಚಾರ್ರ ಉಳಿ, ಬಾಚಿಗೂ ಅರಿಶಿನ ಕುಂಕುಮವಿಟ್ಟು ಅವರ ಕೈಗೆ ಕಾಯಿ, ಎಲೆ, ಅಡಿಕೆಯ ತಾಂಬೂಲ ಕೊಡುತ್ತಿದ್ದರು. ಅದು ಕೈಗೆ ಬಂದರೇ ಕೆಲಸ ಮನೆಯವರಿಗೆ ಒಪ್ಪಿಗೆಯಾಯಿತೆಂದು ಅರ್ಥ. ಎಣ್ಣೆ ಬಳಿದು ಒಣಗಲೆಂದು ಶೆಲ್ಫನ್ನು ಮಟ್ಟಸವಾದ ಜಗಲಿಯ ಮೇಲೆ ನಿಲ್ಲಿಸಿದ್ದರು. ಅಮ್ಮ ತಾಂಬೂಲದ ತಟ್ಟೆ ಹಿಡಿದು ಬಂದಳು.

ಅಷ್ಟರಲ್ಲಿ ಮನೆಯ ಯಜಮಾನರಾಗಿದ್ದ ದೊಡ್ಡಪ್ಪ ಬಂದರು. ಅವರು ಆಗಷ್ಟೇ ಒಂದು ರಸಮಟ್ಟ ಕೊಂಡಿದ್ದರು. ಮಂಗನ ಕೈಗೆ ಮಾಣಿಕ್ಯ ಸಿಕ್ಕಂತೆ ಕಂಡಲ್ಲೆಲ್ಲ ಇಟ್ಟು ನೋಡುತ್ತಿದ್ದರು. ಶೆಲ್ಫಿನ ಮೇಲೂ ಇಟ್ಟರು.

"ಏನಯ್ಯಾ ಇದು? ಕಣ್ಣು ಕಾಣಲ್ವಾ?"

"ಗೋಡೆ, ನೆಲ ಎಲ್ಡೂ ವಾಲೈತೆ ಸ್ವಾಮಿ. ಒಳಗಿಟ್ಟು ನೋಡಿ."

"ನಮ್ಮಪ್ಪ ಕಟ್ಟಿಸಿದ್ ಗೋಡೆ ಸೊಟ್ಟ ಅಂತೀಯಾ?"

ಬೀದಿಯವರೆಲ್ಲ ನೋಡುತ್ತಿದ್ದಂತೆ ದೊಡ್ಡಪ್ಪ ಅಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು ಒಳಗೆ ನಡೆದರು. ಎಂಥ ಸೊಕ್ಕು! ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ಬೇರೆ ಹೀಯಾಳಿಸಿದರು. ನೆಲ ನಿಜವಾಗಿಯೂ ಡೊಂಕಿತ್ತಲ್ಲ! ಆಚಾರ್ರು ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದರು.

ಸಂಜೆ ಶೆಲ್ಫನ್ನು ಒಳಗೆ ತಂದು ಗೋಡೆಗೆ ತಾಗಿಸಿಟ್ಟೆವು. ಒಂದು ಕಾಗದ ತೂರಿಸಲೂ ಸಂದಿಯಿರಲಿಲ್ಲ. ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು. "ಹೆಂಗೋ ಕೂತ್ಕಂತು ಬಿಡು" ಎಂದರು ದೊಡ್ಡಪ್ಪ. ತಟ್ಟೆ ಹಿಡಿದು ಆಚಾರ್ರ ಮನೆಗೆ ಹೊರಟ ಅಮ್ಮನನ್ನು, "ನಾವ್ ಅವ್ನ ಬಾಗ್ಲಿಗೆ ಹೋಗದಾ?" ಎಂದು ತಡೆದರು. ಅಮ್ಮ ಆ ಕಾಯಿಯನ್ನು ಮೇಲಿನ ಗೂಡಿನಲ್ಲಿಟ್ಟಳು. ಅದು ಅಲ್ಲೇ ಒಣಗಿ ಗಿಟುಕಾಯಿತು. ಆ ಗೂಡಿಗೆ ಅವಳು ಯಾರ ಬಟ್ಟೆಯನ್ನೂ ಇಡಲಿಲ್ಲ.

ಆಚಾರ್ರು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಎದುರು ಸಿಕ್ಕರೆ ನಾನೇ ದಾರಿ ಬದಲಿಸುತ್ತಿದ್ದೆ... ಈಗ ಅವರಿಲ್ಲ, ಅಮ್ಮನೂ ಇಲ್ಲ. ಊರಿನ ಮನೆ ಕೆಡವಿದಾಗ ಆ ಗೋಡೆಯೂ ಮಣ್ಣಾಯಿತು, ಶೆಲ್ಫು ಮಾತ್ರ ನನ್ನ ಜೊತೆ ಬಂತು.

ದೊಡ್ಡಪ್ಪನನ್ನು ಇಷ್ಟು ವರ್ಷ ಬೈದುಕೊಂಡೇ ಬಂದಿದ್ದೇನೆ. ಆದರೆ ಅವರು ಏನೂ ಕಾಣದೆ ಮಾತಾಡಿದವರು. ದಾರ ಹಿಡಿದಿದ್ದವಳು ನಾನು.

ಹುಡುಗ ಇನ್ನೂ ಉತ್ತರಕ್ಕೆ ಕಾಯುತ್ತಿದ್ದ.

"ಶೆಲ್ಫ್ ಸೊಟ್ಟ ಅಲ್ಲಪ್ಪ," ಎಂದೆ. "ನಮ್ಮನೆ ಗೋಡೆ ಸೊಟ್ಟ ಇತ್ತು."

ಅವನು ಟೇಪು ಸುತ್ತಿಕೊಂಡ. ಅವನಿಗೆ ಆ ಮಾತು ಬೇಕಿರಲಿಲ್ಲ.