ಮಲ್ಲಣ್ಣನ ಆಂಪ್ಲಿಫೈಯರ್

ಗೆಳೆಯರೇ, ಇವತ್ತು ಮಧ್ಯಾಹ್ನ ಅಥಣಿ ರಸ್ತೆಯ ನನ್ನ ಸ್ಟುಡಿಯೋದಲ್ಲಿ ಮಲ್ಲಣ್ಣ ಬೇಸ್ ಗಿಟಾರ್ ನುಡಿಸಿದ. ಅವನು ತೀರಿಹೋಗಿ ಎರಡು ತಿಂಗಳಾಯಿತು.

ಹೆದರಬೇಡಿ, ಇದು ರಿ-ಆಂಪ್ ಡಬ್ಬಿಯ ಕೆಲಸ. ಅವನು ಬದುಕಿದ್ದಾಗ ರೆಕಾರ್ಡ್ ಆಗಿದ್ದ ಗಿಟಾರಿನ ನಾದವನ್ನು ಅದು ಕಂಪ್ಯೂಟರಿನಿಂದ ಮತ್ತೆ ಆಂಪ್ಲಿಫೈಯರಿಗೆ ಕಳಿಸುತ್ತದೆ. ಆಂಪ್ಲಿಫೈಯರ್ ಅವನದೇ ಇರಲಿ ಎಂದು ಕೇಳಿದ್ದೆ. ಅವನ ಹೆಂಡತಿ ಶಾಂತಕ್ಕ ಸಾರವಾಡದಿಂದ ತಾವೇ ತಂದಿದ್ದರು.

ಹಾಡು ಮುಗಿಯಿತು. ಆಂಪ್ಲಿಫೈಯರಿನಿಂದ ಮಾತ್ರ ಸರಸರ ಸದ್ದು ಬರುತ್ತಲೇ ಇತ್ತು. ಗಾಬರಿಯಾಗಿ ಆಫ್ ಮಾಡಲು ಕೈ ಚಾಚಿದೆ.

"ಬಂದ್ ಮಾಡಬ್ಯಾಡಪಾ ತಮ್ಮಾ," ಅಂದರು ಶಾಂತಕ್ಕ. "ತಂತಿ ಒರಸಾಕತ್ತಾರ. ಬಾರಿಸೂದು ಮುಗದ ಮ್ಯಾಲ ದಸ್ತಿಲೆ ಒರಸೇ ಇಡತಾರ ಅವರು."

ಅವತ್ತು ಗಿಟಾರಿನ ವೈರ್ ತೆಗೆಯುವ ಮೊದಲೇ ಒರೆಸಿದ್ದಾನೆ, ಅದೂ ರೆಕಾರ್ಡ್ ಆಗಿದೆ. ಅಷ್ಟೇ.

ಸದ್ದು ನಿಂತ ಕೂಡಲೇ ಅವರು ಎದ್ದು, ಕಿಟಕಿಯಿಂದ ಎದುರಿನ ಚಹಾದಂಗಡಿಗೆ ಕೂಗಿದರು: "ಯಪ್ಪಾ, ಮೂರು ಚಾ ಕಳಸ್ರಿ! ಒಂದರಾಗ ಸಕ್ಕರಿ ಬ್ಯಾಡ."

ಕೋಣೆಯಲ್ಲಿದ್ದದ್ದು ನಾವಿಬ್ಬರೇ.

ಸಕ್ಕರೆ ಇಲ್ಲದ ಚಹಾವನ್ನು ಆಂಪ್ಲಿಫೈಯರಿನ ಮುಂದಿಟ್ಟು ಶಾಂತಕ್ಕ ಊರಿಗೆ ಹೋದರು. ಹಾಡಿನ ಕೊನೆಯ ಆ ಸರಸರವನ್ನು ಕತ್ತರಿಸುವುದು ನನ್ನ ಕೆಲಸ. ಅವನು ಕುಡಿದು ಮುಗಿಸಲಿ ಅಂತ ಕಾಯುತ್ತಿದ್ದೇನೆ.