ಡಬ್ಬಿಯಲ್ಲಿದ್ದ ಡ್ರಿಲ್ ಬಿಟ್

ಹಳೇ ಕಾರುಗಳ ಮೆಕ್ಯಾನಿಕ್ ಅಂದರೆ ಆ ಊರಿಗೆಲ್ಲ ಅವನೊಬ್ಬನೇ. ಊರು ಇಟ್ಟ ಹೆಸರು ಪಟಾಕಿ ಮೇಸ್ತ್ರಿ. ಯಾಕೆ ಅಂತ ಬಿಡಿಸಿ ಹೇಳಬೇಕೇ? ಸ್ಪ್ಯಾನರ್ ಅರ್ಧ ಗೇಣು ಆಚೆ ಇಟ್ಟರೂ ಸಿಡಿಯುತ್ತಿದ್ದ. ಕೈ ಮಾತ್ರ ಬಂಗಾರ, ಹಾಗಾಗಿ ಕಾರಿನವರು ಬೈಸಿಕೊಂಡಾದರೂ ಅವನ ಹತ್ತಿರವೇ ಬರುತ್ತಿದ್ದರು. ಹೆಂಡತಿ, ಮಗಳು ಬೈಸಿಕೊಂಡು ಎಲ್ಲಿಗೆ ಹೋಗಬೇಕು, ಪಾಪ!

ಆವತ್ತು ಡಾಕ್ಟರಮ್ಮನ ಕಾರಿನ ಕಾರ್ಬುರೇಟರ್ ಬಿಚ್ಚಿದ್ದ. ಅದರ ಪಕ್ಕಕ್ಕೆ ಲೋಟದಷ್ಟು ಒಂದು ಬಟ್ಟಲು ಇರುತ್ತದೆ. ಪೆಟ್ರೋಲ್ ತುಂಬಿದಂತೆ ಒಳಗಿನ ಫ್ಲೋಟ್ ತೇಲಿ ಮೇಲೆ ಬಂದು, ಒಂದು ಕಡ್ಡಿಯನ್ನು ಎತ್ತಿ, ಪೆಟ್ರೋಲ್ ಬರುವ ದಾರಿ ಮುಚ್ಚಬೇಕು. ಮುಚ್ಚುವುದು ತಡವಾಯಿತೋ, ಪೆಟ್ರೋಲ್ ಉಕ್ಕಿ ಕೆಳಗಿನ ಕಾದ ಪೈಪಿನ ಮೇಲೆ ಬೀಳುತ್ತದೆ. ಆಮೇಲೆ ಕಾರೂ ಇಲ್ಲ, ಕಾರಿನಲ್ಲಿದ್ದವರೂ ಇಲ್ಲ. ಈ ಮಟ್ಟ ನೋಡಲು ಮೇಸ್ತ್ರಿಗೆ ಸ್ಕೇಲ್ ಬೇಡ. ಬಟ್ಟಲಿನ ಮುಚ್ಚಳ ಬೋರಲು ಹಾಕಿ, ತಗಡಿನ ಡಬ್ಬಿಯಲ್ಲಿಟ್ಟ, ತೂತು ಕೊರೆಯುವ ಹಳೇ ಡ್ರಿಲ್ ಬಿಟ್‌ನ ಬುಡವನ್ನು ಅಡ್ಡ ಇಟ್ಟು, ಕಡ್ಡಿ ಅದಕ್ಕೆ ಹಗುರಾಗಿ ತಾಗುವಂತೆ ಬಗ್ಗಿಸುವುದು. ಕೆಲಸ ಕಲಿಸಿದ ಗುರು ಕೊಟ್ಟಿದ್ದ ಬಿಟ್ ಅದು. ಈಚೆಗೆ ಕಣ್ಣು ಮಂಜಾಗಿ ಎಲ್ಲವನ್ನೂ ಬೆರಳಲ್ಲೇ ನೋಡುತ್ತಿದ್ದ. ಆ ಸುದ್ದಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಪ್ಪ, ಮುಚ್ಚೋ ಮೊದಲು ನಾನೊಂದ್ಸಲ ನೋಡ್ಲಾ?" ಅಂದಳು ಮಗಳು. ಅವಳೂ ಅದೇ ಶೆಡ್ಡಿನಲ್ಲಿ ಕೆಲಸ ಕಲಿತವಳು.

"ಓಹೋ! ನನ್ನ ಕೆಲಸಾನ ನೀನು ಚೆಕ್ ಮಾಡೋ ಮಟ್ಟಕ್ಕೆ ಬಂದ್ಯಾ? ಸುಮ್ನೆ ಗಾಡಿ ತಗೊಂಡ್ಹೋಗಿ ಡಾಕ್ಟರಮ್ಮನ ಮನೆ ಮುಂದೆ ನಿಲ್ಸು, ಹೋಗು!"

ಅವನು ಮುಚ್ಚಳ ಬಿಗಿದು ಎಲ್ಲ ಜೋಡಿಸಿದ ಮೇಲೆ ಅವಳು ಕಾರು ಶುರು ಮಾಡಿ ಹೊರಟಳು. ಗುಡ್ಡದ ರಸ್ತೆ, ಉದ್ದಕ್ಕೂ ಏರು.

ಸಿಟ್ಟು ಇಳಿದ ಮೇಲೆ ಮೇಸ್ತ್ರಿ ಬಿಟ್ ಒರೆಸಿ ಡಬ್ಬಿಗೆ ಹಾಕಲು ಹೋದ. ಬುಡದ ಹತ್ತಿರ ಒಂದು ಕಚ್ಚು ಇತ್ತು, ಹೆಬ್ಬೆರಳಿಗೆ ಅದರ ಪರಿಚಯ ಚೆನ್ನಾಗಿತ್ತು. ಸಿಗಲಿಲ್ಲ. ತಿರುಗಿಸಿ ಸವರಿದ. ನುಣ್ಣಗಿತ್ತು. ಇದು ಗುರು ಕೊಟ್ಟ ಬಿಟ್ ಅಲ್ಲ.

"ಏನೇ, ಈ ಡಬ್ಬಿ ಯಾರು ಮುಟ್ಟಿದ್ದು?"

ಹೆಂಡತಿ ಮನೆಯೊಳಗಿಂದ ಬಂದು ಶೆಡ್ಡಿನ ಬಾಗಿಲಲ್ಲೇ ನಿಂತಳು. "ರೀ, ಬೈಬೇಡಿ. ಪರದೆ ಕಟ್ಟೋಕೆ ಗೋಡೆ ಕೊರೀತಿದ್ದೆ, ಮುರಿದುಹೋಯ್ತು. ಅಂಗಡಿಯಿಂದ ಅಂಥದ್ದೇ ತಂದಿಟ್ಟೆ. ಮುರಿದ ತುಂಡು ಜೋಡಿಸಿ ಪಕ್ಕಪಕ್ಕ ಹಿಡಿದು ನೋಡಿದ್ದೀನಿ, ಉದ್ದ ಒಂದೇ."

"ಉದ್ದ ಕಟ್ಕೊಂಡು ಏನ್ಮಾಡ್ಲೇ! ಇದರ ದಪ್ಪ ಕಮ್ಮಿ, ಕಡ್ಡಿ ತಡವಾಗಿ ಮುಚ್ಚುತ್ತೆ. ಪೆಟ್ರೋಲ್ ಉಕ್ಕುತ್ತೆ! ಕಾರಲ್ಲಿ ಮಗಳಿದ್ದಾಳೆ!"

ಫೋನ್ ಮಾಡಿದ. ಹೊಡೆದುಕೊಂಡೇ ಇತ್ತು. ಸ್ಟೀರಿಂಗ್ ಹಿಡಿದಾಗ ಫೋನ್ ಮುಟ್ಟಿದರೆ ಕೈ ಮುರೀತೀನಿ ಅಂತ ಕಲಿಸಿದವನೇ ಅವನು. ಬೆಂಕಿ ಆರಿಸುವ ಸಿಲಿಂಡರನ್ನು ಕಾಲ ಸಂದಿಯಲ್ಲಿ ಇರುಕಿಕೊಂಡು ಸ್ಕೂಟರ್ ಒದ್ದ. ಹೆಂಡತಿ ಅಡುಗೆಮನೆಗೆ ಓಡಿ, ಸೆರಗಿಗೆ ಏನೋ ಗಂಟು ಹಾಕಿಕೊಂಡು ಬಂದು ಹಿಂದೆ ಹತ್ತಿದಳು.

"ರೀ, ಲಾರಿ! ಎದುರಿಗೇ ಬರ್ತಿದೆ, ಕಾಣಲ್ವಾ?"

"ಕಾಣಲ್ಲ ಕಣೇ! ಯಾವ ಕಡೆ ಹೋಗ್ಲಿ, ಹೇಳು!"

ಅವಳು ಅವನ ಭುಜ ಹಿಡಿದು ಮುಂದಕ್ಕೆ ಬಗ್ಗಿದಳು. ಆಮೇಲೆ ಎಡಕ್ಕೆ, ನೇರ, ನಿಧಾನ ಅನ್ನುತ್ತಾ ದಾರಿ ತೋರಿಸಿದಳು.

ಗುಡ್ಡದ ಮೊದಲನೇ ತಿರುವು ದಾಟಿದ್ದೇ ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು. ಕಾರು ರಸ್ತೆ ಬದಿಗೆ ನಿಂತಿತ್ತು, ಬಾನೆಟ್ ತೆರೆದಿತ್ತು. ಮಗಳು ಎಲ್ಲಿ? ಮೇಸ್ತ್ರಿಗೆ ಕಂಡದ್ದು ಬರೀ ಮಂಜು. "ಅಲ್ಲಿ, ಮೋರಿ ಕಟ್ಟೆ ಮೇಲೆ," ಅಂದಳು ಹೆಂಡತಿ. ದೂರದಲ್ಲಿ, ಕಾರಿನ ಕೀ ಕೈಯಲ್ಲಿ ಹಿಡಿದು, ಎಂಜಿನ್ ತಣ್ಣಗಾಗಲಿ ಅಂತ ಮಗಳು ಕೂತಿದ್ದಳು.

"ಯಾವಾಗ ಗೊತ್ತಾಯ್ತು?" ಅಂದ ಮೇಸ್ತ್ರಿ, ಏದುಸಿರು ಬಿಡುತ್ತಾ.

"ಶೆಡ್ಡಿನಲ್ಲೇ. ಶುರು ಮಾಡಿದ ತಕ್ಷಣ ವಾಸನೆ ಬಂತು."

"ಅಲ್ಲೇ ಬೊಗಳೋಕೆ ಏನು ರೋಗ ನಿಂಗೆ?"

ಮಗಳು ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ಇದಕ್ಕೇ ಅಪ್ಪ," ಅಂದಳು. "ನಿನ್ನ ಕಣ್ಣಿಗೆ ಬೀಳದ ಜಾಗಕ್ಕೆ ಬಂದು ನಾನೇ ಸರಿಮಾಡೋಣ ಅಂತ."

ಮೇಸ್ತ್ರಿ ಸಿಲಿಂಡರ್ ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತ. ಬೈಗುಳಕ್ಕೆ ಹೆದರಿ ಹುಡುಗಿ ಬೆಂಕಿಯ ಮೇಲೆ ಕೂತು ಬಂದಿದ್ದಳು.

ಹೆಂಡತಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಮುರಿದ ಬಿಟ್‌ನ ಬುಡ. "ಬಿಸಾಕೋಕೆ ಧೈರ್ಯ ಬರ್ಲಿಲ್ಲ. ಸಾಸಿವೆ ಡಬ್ಬೀಲಿ ಇಟ್ಟಿದ್ದೆ."

ಮೇಸ್ತ್ರಿ ಹೆಬ್ಬೆರಳಿಂದ ಸವರಿದ. ಕಚ್ಚು ಇತ್ತು. "ಮುರಿದ್ರೇನೇ ಆಯ್ತು? ನಂಗೆ ಬೇಕಾಗಿದ್ದಿದ್ದು ಈ ಬುಡ ತಾನೇ? ಒಂದು ಮಾತು ಹೇಳಬಾರದಾಗಿತ್ತಾ?"

ಮಗಳು ಅಮ್ಮನ ಪಕ್ಕಕ್ಕೆ ಸರಿದು ನಿಂತಳು.

ಎಂಜಿನ್ ತಣ್ಣಗಾದ ಮೇಲೆ ಬುಡವನ್ನು ಮಗಳ ಕೈಗೆ ಕೊಟ್ಟ. "ನೀನೇ ನೋಡಿ ಬಗ್ಗಿಸು. ನಂಗೆ ಕಣ್ಣು ಕಾಣ್ಸಲ್ಲ."

ಮಗಳು ಅಮ್ಮನ ಮುಖ ನೋಡಿದಳು. ಆಮೇಲೆ ಮುಚ್ಚಳ ಬಿಚ್ಚಿ, ಬೋರಲು ಹಾಕಿ, ಬುಡ ಅಡ್ಡ ಇಟ್ಟಳು. ಕಡ್ಡಿ ಬಗ್ಗಿಸುವಾಗ ಅವಳ ಕೈಯಿಂದ ಇಕ್ಕಳ ಜಾರಿ ಠಣ್ಣನೆ ಕಲ್ಲಿನ ಮೇಲೆ ಬಿತ್ತು. ತಾಯಿ ಮಗಳು ಇಬ್ಬರೂ ಅವನ ಕಡೆ ನೋಡಿದರು.

ಮೇಸ್ತ್ರಿ ಬಗ್ಗಿ, ನೆಲವೆಲ್ಲ ತಡಕಾಡಿ, ಇಕ್ಕಳ ಹುಡುಕಿ ಅವಳ ಕೈಗಿಟ್ಟ.